ಅಪ್ಪನ ಪಾಲಿನ ಬ್ರೆಡ್ಡು

ಜನವರಿ ೧೨

ಪ್ರೀತಿಯ ಅಣ್ಣ,

ಗಾಬರಿಯಾಗುವಂಥದ್ದೇನೂ ಇಲ್ಲ ಎಂದು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಲಕೋಟೆಯ ಮೇಲೆ ನನ್ನ ಕೈಬರಹ ಕಂಡರೆ ನೀನು ನಿಂತಲ್ಲೇ ಕುಸಿದು ಕೂರುವವನು. ಇದನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನೋಡಿದೆ. ಮೂರು ಸಲವೂ ನಿನ್ನ ಬೆನ್ನ ಹಿಂದೆ ಹಿಟ್ಟು ಕಲಸುವ ಯಂತ್ರ ಗರಗರ ಎನ್ನುತ್ತಿತ್ತು, ನೀನು "ಹೂಂ, ಎಲ್ಲಾ ಚೆನ್ನಾಗಿದೀವಿ, ಇಡ್ಲಾ?" ಎಂದೆ. ಕಾಗದಕ್ಕೆ ಹಾಗೆಲ್ಲ "ಇಡ್ಲಾ" ಅನ್ನಲು ಬರುವುದಿಲ್ಲ.

ನನ್ನ ಹೊಟ್ಟೆಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಒಂದು ಹೆಸರು ಸಿಕ್ಕಿದೆ. ಸೀಲಿಯಾಕ್ ಅಂತೆ. ಗೋಧಿಯಲ್ಲಿ ಗ್ಲುಟೆನ್ ಎಂಬುದೊಂದಿದೆಯಲ್ಲ, ನೀನು ಹಿಟ್ಟು ಹಿಡಿದು ಎಳೆದು ನೋಡುವಾಗ ಹರಿಯದೆ ಜಗ್ಗುವ ಆ ಅಂಟು, ಅದು ನನಗೆ ಆಗುವುದಿಲ್ಲ. ತಿಂದಾಗಲೆಲ್ಲ ಮೈಯೇ ತನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಒಳಗೆಲ್ಲ ಟವೆಲಿನ ಹಾಗೆ ಎಳೆಎಳೆಯಾಗಿ ಇರಬೇಕಾದದ್ದು ನನ್ನದು ಸವೆದು ನುಣ್ಣಗಾಗಿದೆ ಎಂದರು ಡಾಕ್ಟರಮ್ಮ. ಉಂಡದ್ದು ಯಾವತ್ತೂ ಮೈಗೆ ಹತ್ತದೆ ನಾನು ಕಡ್ಡಿಯಾಗಿ ಉಳಿದದ್ದು ಅದಕ್ಕೇ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗೋಧಿ, ಬಾರ್ಲಿ ಇಂಥವನ್ನು ಇನ್ನು ಜನ್ಮದಲ್ಲಿ ಬಾಯಿಗೆ ಹಾಕಬಾರದು. ಔಷಧಿ ಅಷ್ಟೇ.

ಬೇಕರಿಯವನ ಮಗಳು, ಬೇಕರಿಯವನ ತಂಗಿ. ನಗಬೇಕೆನಿಸಿದರೆ ನಗು, ನಾನಂತೂ ನಕ್ಕೆ. ಲೈಬ್ರರಿಯಲ್ಲಿ ಹಳೆ ಪುಸ್ತಕ ಹೊಲಿದು ಕಟ್ಟುವ ನನಗೆ ದಿನವಿಡೀ ಕೈಗೆ ಮೆತ್ತುವ ಅಂಟೂ ಗೋಧಿಹಿಟ್ಟಿನದೇ. ಕೆಲಸವನ್ನೂ ಬಿಡಬೇಕಾ ಎಂದು ಕೇಳಿದೆ. "ಪುಸ್ತಕ ನೆಕ್ಕೋ ಅಭ್ಯಾಸ ಇಲ್ದಿದ್ರೆ ಪರವಾಗಿಲ್ಲ, ಚೆನ್ನಾಗಿ ಕೈ ತೊಳ್ಕೊಳ್ಳಿ" ಎಂದರು.

ಈಗ ನಿನ್ನ ವಿಷಯ. ಇದು ರಕ್ತದಲ್ಲಿ ಇಳಿದು ಬರುವಂಥದ್ದು. ಒಡಹುಟ್ಟಿದವರಿಗೆ ಇರುವ ಸಾಧ್ಯತೆ ಹೆಚ್ಚು, ಅವರಿಗಿದ್ದರೆ ಅವರ ಮಕ್ಕಳಿಗೆ. ಗುಬ್ಬಿಯ ಯೋಚನೆ ನನ್ನನ್ನು ಬಿಡುತ್ತಿಲ್ಲ, ಅಣ್ಣ. ಹೋದ ರಜೆಯಲ್ಲಿ ಅವಳಿಗೆ ಏಳು ವರ್ಷದವರ ಅಳತೆಯ ಫ್ರಾಕ್ ತಂದಿದ್ದೆ, ತಪ್ಪಿ ಚಿಕ್ಕದು ತಂದೆನೆಂದು ನಾಲಿಗೆ ಕಚ್ಚಿಕೊಂಡಿದ್ದೆ. ಒಂಬತ್ತು ತುಂಬಿದ ನಿನ್ನ ಮಗಳಿಗೆ ಅದು ದೊಗಳೆಯಾಯಿತು. ಕೈಕಾಲು ಸಣ್ಣ, ಹೊಟ್ಟೆಯೊಂದು ಮುಂದೆ, ಮೆಟ್ಟಿಲು ಹತ್ತಿದರೆ ಮುಖ ಬಿಳಿಚಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ನಾನು ಹೇಗಿದ್ದೆನೋ ಹಾಗೇ ಇದ್ದಾಳೆ. ಅದನ್ನು ಆಗ ನಾವೆಲ್ಲ ಹೋಲಿಕೆ ಎಂದುಕೊಂಡು ಖುಷಿಪಟ್ಟೆವು.

ಒಂದು ರಕ್ತಪರೀಕ್ಷೆ ಮಾಡಿಸಿಕೊ. ನಿನ್ನದಾದ ಮೇಲೆ ಗುಬ್ಬಿಯದು. ಮತ್ತು ದಯವಿಟ್ಟು ತಿಂಗಳ ರಸ್ಕ್ ಡಬ್ಬ ಕಳಿಸಬೇಡ. ಕಳಿಸಿದರೆ ವಾಸನೆಗೇ ಸೋತುಹೋಗುತ್ತೇನೆ.

ನಿನ್ನ
ಕಡ್ಡಿ

ಫೆಬ್ರವರಿ ೩

ಕಡ್ಡಿ,

ಕಾಗದ ಓದಿದೆ. ಓದಿ ಮಡಿಸಿಟ್ಟೆ. ನಿನ್ನ ಅತ್ತಿಗೆಗೆ ತೋರಿಸಿಲ್ಲ, ಅವಳು ಕೌಂಟರಿನಲ್ಲಿ ಗಿರಾಕಿಗಳ ಎದುರೇ ಅಳುವವಳು.

ನಿನಗೆ ಹುಷಾರಿಲ್ಲದಿರುವುದು ಕೇಳಿ ಸಂಕಟವಾಯಿತು. ಅದು ನಿಜ. ಆದರೆ ಮೂರು ತಲೆಮಾರು ಈ ಒಲೆಯ ಮುಂದೆ ನಿಂತ ಮನೆಯಲ್ಲಿ ಹುಟ್ಟಿ, ಬ್ರೆಡ್ಡೇ ರೋಗ ಎಂದು ಬರೆದು ಕಳಿಸಿದ್ದೀಯಲ್ಲ, ಅದನ್ನು ನಾನು ಎಲ್ಲಿಟ್ಟುಕೊಳ್ಳಲಿ? ಈ ಬೀದಿಯಲ್ಲಿ ಹಲ್ಲಿಲ್ಲದ ಮಗುವಿನಿಂದ ಹಲ್ಲು ಬಿದ್ದ ಮುದುಕನವರೆಗೆ ಎಲ್ಲರೂ ನಮ್ಮ ಬ್ರೆಡ್ಡನ್ನೇ ಹಾಲಿಗೆ ಅದ್ದಿಕೊಂಡು ತಿನ್ನುತ್ತಾರೆ. ಅಪ್ಪ ಆಸ್ಪತ್ರೆಯ ಮಂಚದ ಮೇಲೂ ಅದನ್ನೇ ಕೇಳಿದರು. ಅಪ್ಪನಿಗೆ ಇದ್ದದ್ದು "ನಮ್ಮ ಮನೆಯ ಹೊಟ್ಟೆ", ಅವರೇ ಹಾಗೆ ಕರೆಯುತ್ತಿದ್ದರು. ನಿನಗೂ ಅದೇ ಬಂದಿದೆ. ಅದಕ್ಕೆ ಹೊಸ ಹೆಸರು ಇಟ್ಟಿದ್ದಾರೆ, ಅಷ್ಟೇ.

ಗುಬ್ಬಿ ಸಣ್ಣಗಿದ್ದಾಳೆ ಎಂದು ನನಗೆ ಕಾಣುವುದಿಲ್ಲವೆಂದು ತಿಳಿದೆಯಾ? ದಿನಾ ಕಣ್ಣೆದುರು ಇರುವವಳು. ಅವಳ ತಟ್ಟೆಗೆ ಎಲ್ಲರಿಗಿಂತ ಒಂದು ಕೈ ಹೆಚ್ಚೇ ಹಾಕುತ್ತಿದ್ದೇವೆ. ಬೆಳೆಯುತ್ತಾಳೆ. ಕೆಲವು ಮಕ್ಕಳು ತಡವಾಗಿ ಬೆಳೆಯುತ್ತವೆ.

ನಾನು ಗುಂಡುಕಲ್ಲಿನ ಹಾಗಿದ್ದೇನೆ. ಸೂಜಿ ಚುಚ್ಚಿಸಿಕೊಳ್ಳಲು ಈಗ ಪುರುಸೊತ್ತಿಲ್ಲ, ಒಲೆಯ ಇಟ್ಟಿಗೆ ಬದಲಾಯಿಸುವ ಕೆಲಸ ನಡೆಯುತ್ತಿದೆ.

ರಸ್ಕ್ ಕಳಿಸಿಲ್ಲ. ಡಬ್ಬ ತುಂಬಿಸಿ, ದಾರ ಕಟ್ಟಿ, ಆಮೇಲೆ ನೆನಪಾಗಿ ಬಿಚ್ಚಿದೆ.

ಅಣ್ಣ

ಫೆಬ್ರವರಿ ೨೦

ಅಣ್ಣ,

ನೀನು ಸಿಟ್ಟಾಗಿದ್ದೀ. ನಿನ್ನ ಬ್ರೆಡ್ಡಿಗೆ ನಾನು ಕೆಟ್ಟ ಹೆಸರು ತಂದೆ ಎಂದು ಮುಖ ಊದಿಸಿಕೊಂಡು ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ತಪ್ಪಾಯಿತು. ಬ್ರೆಡ್ಡಿನದೇನೂ ತಪ್ಪಿಲ್ಲ, ನಿನ್ನದಂತೂ ಮೊದಲೇ ಇಲ್ಲ. ನೂರು ಜನ ತಿಂದರೆ ತೊಂಬತ್ತೊಂಬತ್ತು ಜನಕ್ಕೆ ಅದು ಅಮೃತವೇ. ಆ ಉಳಿದ ಒಬ್ಬಳು ನಾನು.

ನಿನಗೆ ಹೇಳದೆ ಬಿಟ್ಟಿದ್ದೊಂದಿದೆ. ನವೆಂಬರಿನಲ್ಲಿ ನಾನು ಕೆಲಸದ ಕೋಣೆಯಲ್ಲಿ ತಲೆ ತಿರುಗಿ ಬಿದ್ದೆ. ಪುಸ್ತಕ ಒತ್ತುವ ಯಂತ್ರದ ಮೂಲೆ ಹಣೆಗೆ ಬಡಿದು ನಾಲ್ಕು ಹೊಲಿಗೆ ಹಾಕಿದರು. ನನ್ನ ಮೈಯಲ್ಲಿ ರಕ್ತ ಅರ್ಧಕ್ಕರ್ಧ ಇರಲಿಲ್ಲ, ಮೂಳೆಗಳು ಮುದುಕಿಯವುಗಳ ಹಾಗೆ ತೆಳ್ಳಗಾಗಿದ್ದವು. ಅವತ್ತು ಬೀಳದೆ ಇದ್ದಿದ್ದರೆ ನಾನೂ "ನಮ್ಮ ಮನೆಯ ಹೊಟ್ಟೆ" ಎಂದುಕೊಂಡೇ ಇನ್ನೂ ಹತ್ತು ವರ್ಷ ತಳ್ಳುತ್ತಿದ್ದೆ. ಗಾಬರಿಯಾಗಬೇಡ, ಈಗ ಮೇಲಾಗಿದ್ದೇನೆ. ಬ್ರೆಡ್ ಬಿಟ್ಟು ಎರಡು ತಿಂಗಳಿಗೇ ಕೆನ್ನೆ ಬಂದಿದೆ.

ಅಪ್ಪ ಊಟವಾದ ಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂರುತ್ತಿದ್ದರಲ್ಲ. ನಾವು ಅದನ್ನು ತೃಪ್ತಿ ಎಂದುಕೊಂಡಿದ್ದೆವು. ಅಮ್ಮ "ಶ್, ಅಪ್ಪ ಆರಾಮಾಗಿ ಕೂತಿದಾರೆ" ಎಂದು ನಮ್ಮನ್ನು ಹೊರಗೆ ಆಟಕ್ಕೆ ಕಳಿಸುತ್ತಿದ್ದಳು. ಐವತ್ತೆರಡಕ್ಕೆ ಹೋದರು. ಅವರಿಗಿದ್ದದ್ದು ಇದೇ ಎಂದು ಈಗ ಯಾರೂ ಹೇಳಲಾರರು, ಡಾಕ್ಟರಮ್ಮನೂ ಹೇಳಲಿಲ್ಲ. ಅವರು ಕೂರುತ್ತಿದ್ದ ಭಂಗಿಯನ್ನು ನಾನು ವಿವರಿಸಿದಾಗ ಮಾತ್ರ ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳಿ ಎಂದರು.

ಒಂದು ಸೂಜಿ, ಅಣ್ಣ. ನನಗೋಸ್ಕರ ಬೇಡ, ಗುಬ್ಬಿಗೋಸ್ಕರ.

ಕಡ್ಡಿ

ಮಾರ್ಚ್ ೨೯

ಕಡ್ಡಿ,

ಹಣೆಗೆ ಹೊಲಿಗೆ ಬಿದ್ದದ್ದನ್ನು ಮೂರು ತಿಂಗಳು ಮುಚ್ಚಿಟ್ಟವಳು ನೀನು, ನನಗೆ ಉಪದೇಶ ಮಾಡುತ್ತೀ. ಇರಲಿ.

ನಿನ್ನ ಎರಡೂ ಕಾಗದಗಳನ್ನು ನಾನು ಈಸ್ಟ್ ಡಬ್ಬದ ಹಿಂದೆ ಇಟ್ಟಿದ್ದೆ. ನಿನ್ನ ಅತ್ತಿಗೆ ಆ ಡಬ್ಬ ಎತ್ತಿದಳು. ಎರಡನ್ನೂ ಓದಿ ಮುಗಿಸಿ, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, "ನಡೀರಿ" ಎಂದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಅಂಗಡಿಯನ್ನು ವ್ಯಾಪಾರದ ಹೊತ್ತಿನಲ್ಲಿ ಮುಚ್ಚಿದ್ದು ಅದೊಂದೇ ಸಲ.

ನಮ್ಮ ಬೀದಿಯ ಡಾಕ್ಟರ ಹತ್ತಿರವೇ ಹೋದೆವು. ದಿನಾ ಬೆಳಿಗ್ಗೆ ನಮ್ಮಲ್ಲಿ ಬ್ರೆಡ್ ಒಯ್ಯುವವರು. "ಗೋಧಿ ಪದಾರ್ಥ ದಿನಾ ತಿಂತಿದ್ದೀ..." ಎಂದು ಶುರುಮಾಡಿದವರು ನನ್ನ ತೋಳಿನ ಮೇಲಿನ ಹಿಟ್ಟು ನೋಡಿ ತಾವೇ ನಗಾಡಿದರು. "ಬೇಕರಿಯವರನ್ನ ಏನು ಕೇಳೋದು" ಎಂದು ಸೂಜಿ ಹಾಕಿದರು. ಫಲಿತಾಂಶ ಮೊನ್ನೆ ಬಂತು. ಏನೂ ಇಲ್ಲ. ಕಾಗದದ ಮೇಲೆ ಅಚ್ಚಾಗಿ ಬಂದಿದೆ, ಬೇಕಾದರೆ ನಕಲು ಕಳಿಸುತ್ತೇನೆ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕು.

ನನಗಿಲ್ಲ ಎಂದ ಮೇಲೆ ಗುಬ್ಬಿಗೆ ನನ್ನಿಂದ ಬಂದಿರಲು ಸಾಧ್ಯವಿಲ್ಲ. ಡಾಕ್ಟರೂ ಹಾಗೇ ಎಂದು ಅವಳಿಗೆ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಕುಡಿದು ನಾಲಿಗೆ ಕಪ್ಪು ಮಾಡಿಕೊಂಡು ತಿರುಗುತ್ತಿದ್ದಾಳೆ. ಇನ್ನಾದರೂ ನೆಮ್ಮದಿಯಾಗಿರು. ನಿನ್ನ ಕೆನ್ನೆಯ ಸುದ್ದಿ ಓದಿ ನಾನು ಎರಡು ದಿನ ಸಿಳ್ಳೆ ಹಾಕಿಕೊಂಡು ಕೆಲಸ ಮಾಡಿದೆ.

ಕೆಳಗೆ ಗುಬ್ಬಿಗೆ ನಾಲ್ಕು ಸಾಲು ಜಾಗ ಬಿಟ್ಟಿದ್ದೇನೆ. ಬರೆಯಲೇಬೇಕೆಂದು ಹಠ.

ಅಣ್ಣ

ಅತ್ತೆ, ನೀವು ಬ್ರೆಡ್ ತಿನ್ನಲ್ಲ ಅಂತ ಅಮ್ಮ ಹೇಳಿದ್ರು. ಬೇಜಾರು ಮಾಡ್ಕೋಬೇಡಿ, ಅಪ್ಪನೂ ತಿನ್ನಲ್ಲ. ಅಪ್ಪಂಗೆ ದಿನಾ ಬೇಯಿಸಿದ ಆಲೂಗೆಡ್ಡೆನೇ. ಅಪ್ಪನ ಪಾಲಿನ ಬ್ರೆಡ್ಡೂ ನಂಗೇ ಹಾಕ್ತಾರೆ. ನಾನು ನಾಲ್ಕು ತುಂಡು ತಿಂತೀನಿ. ಗುಬ್ಬಿ.

ಏಪ್ರಿಲ್ ೬

ಅಣ್ಣ,

ಗುಬ್ಬಿಯ ಸಾಲುಗಳನ್ನು ನೀನು ಓದದೆ ಲಕೋಟೆ ಅಂಟಿಸಿದೆ ಎಂದು ಕಾಣುತ್ತದೆ.

ನೀನು ಬ್ರೆಡ್ ತಿನ್ನುವುದನ್ನು ಬಿಟ್ಟು ಎಷ್ಟು ವರ್ಷವಾಯಿತು? ಯಾಕೆ ಬಿಟ್ಟೆ? ಬೇಜಾರು ಬಂತು, ರುಚಿಸಲಿಲ್ಲ ಎಂದೆಲ್ಲ ನನಗೆ ಹೇಳಬೇಡ. ನನ್ನ ಅಣ್ಣನ ಬಾಯಿ ನನಗೆ ಗೊತ್ತು. ಬಿಸಿ ಬ್ರೆಡ್ಡಿನ ಮೂಲೆಗೋಸ್ಕರ ನನ್ನ ಜಡೆ ಎಳೆಯುತ್ತಿದ್ದ ಬಾಯಿ ಅದು.

ಕೇಳು. ಆ ಪರೀಕ್ಷೆ ನೋಡುವುದು ಮೈ ಗೋಧಿಯ ಮೇಲೆ ಜಗಳಕ್ಕೆ ನಿಂತಿದೆಯೇ ಎಂಬುದನ್ನು. ಗೋಧಿಯನ್ನೇ ತಿನ್ನದವನ ಮೈ ಯಾರ ಮೇಲೆ ಜಗಳ ಮಾಡೀತು? ವರ್ಷಗಟ್ಟಲೆ ಮುಟ್ಟದವನಿಗೆ "ಏನೂ ಇಲ್ಲ" ಎಂದೇ ಬರುತ್ತದೆ. ಡಾಕ್ಟರು ಅದನ್ನೇ ಕೇಳಲು ಹೊರಟವರು ನಿನ್ನ ತೋಳಿನ ಹಿಟ್ಟು ನೋಡಿ ಅರ್ಧಕ್ಕೆ ಬಿಟ್ಟರು. ನೀನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನೀನು ಸಿಟ್ಟಿನಿಂದ ಪರೀಕ್ಷೆ ಬೇಡವೆನ್ನುತ್ತಿದ್ದೀ ಎಂದುಕೊಂಡು ನಾನು ಕ್ಷಮೆ ಬೇರೆ ಕೇಳಿದೆ. ನಿನಗೆ ಆಗಿದ್ದದ್ದು ಸಿಟ್ಟಲ್ಲ, ಭಯ.

ಆ ಸೊನ್ನೆಯನ್ನು ನಂಬಿ ಗುಬ್ಬಿಗೆ ಬರೀ ಟಾನಿಕ್ ಕುಡಿಸುತ್ತಿದ್ದೀರಿ. ನಾಳೆಯೇ ಅವಳ ರಕ್ತಪರೀಕ್ಷೆ ಮಾಡಿಸಿ. ಮುಖ್ಯವಾದ ಮಾತು ಇದು: ಪರೀಕ್ಷೆಯೆಲ್ಲ ಮುಗಿಯುವ ತನಕ ಅವಳಿಗೆ ಬ್ರೆಡ್ ನಿಲ್ಲಿಸಬೇಡ. ನಿಲ್ಲಿಸಿದರೆ ಅವಳದ್ದೂ ನಿನ್ನ ಹಾಗೆ ಸುಳ್ಳು ಸೊನ್ನೆ ಬರುತ್ತದೆ. ಈ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ, ಅತ್ತಿಗೆಗೆ ಓದಿ ಹೇಳು.

ಬೈದಿದ್ದೇನೆ. ಹೊಟ್ಟೆಗೆ ಹಾಕಿಕೊ.

ಕಡ್ಡಿ

ಮೇ ೨

ಕಡ್ಡಿ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ನೆಪ ಹೇಳುವುದಿಲ್ಲ. ನಾಲ್ಕು ಸಲ ಶುರುಮಾಡಿ ಹರಿದೆ.

ಹನ್ನೊಂದು ವರ್ಷ. ಅಪ್ಪ ಹೋದ ಮಾರನೇ ವರ್ಷ ನನಗೆ ಜ್ವರ ಬಂದು ಹತ್ತು ದಿನ ಬರೀ ಗಂಜಿ ಕುಡಿದಿದ್ದೆ. ಜ್ವರ ಇದ್ದರೂ ಹೊಟ್ಟೆ ತಣ್ಣಗಿತ್ತು. ಎದ್ದು ಓಡಾಡಿ ಮತ್ತೆ ಬ್ರೆಡ್ ತಿಂದ ದಿನವೇ ಹಳೆಯ ನೋವು ವಾಪಸ್ಸು ಬಂತು. ಅವತ್ತೇ ನನಗೆ ಗೊತ್ತಾಯಿತು. ಯಾವ ಡಾಕ್ಟರಮ್ಮನೂ ಬೇಕಾಗಲಿಲ್ಲ. ಬೇಕರಿಯವನಿಗೇ ತನ್ನ ಬ್ರೆಡ್ ಆಗುವುದಿಲ್ಲ ಎಂದರೆ ಬೀದಿಯವರು ಕೊಳ್ಳುತ್ತಾರಾ? ಅಪ್ಪನ ಹೆಸರು ಬೋರ್ಡಿನ ಮೇಲಿದೆ. ನಿನ್ನ ಅತ್ತಿಗೆಗೆ "ದಿನಾ ಅದನ್ನೇ ನೋಡಿ ನೋಡಿ ಬೇಜಾರು" ಎಂದೆ, ನಂಬಿದಳು. ರುಚಿ ನೋಡುವಾಗ ಅಗಿದು ಒಲೆಯ ಹಿಂದೆ ಹೋಗಿ ಉಗುಳಿ ಬರುತ್ತಿದ್ದೆ. ಹಿಟ್ಟು ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಂಡೆ, ಸೀನು ಬರುತ್ತದೆ ಎಂದು ಹೇಳಿದೆ. ಸುಳ್ಳು ಹೇಳುವುದು ಅಭ್ಯಾಸವಾದರೆ ಅದೂ ಒಂದು ಕೆಲಸದ ಹಾಗೆ ನಡೆದುಹೋಗುತ್ತದೆ.

ನಿನ್ನ ಕಾಗದ ಓದಿದ ಮೇಲೆ, ಆ ಸಾಲುಗಳಲ್ಲಿ ಏನಿತ್ತು ಎಂದು ಗುಬ್ಬಿಯನ್ನೇ ಕೂರಿಸಿ ಕೇಳಿ ತಿಳಿದುಕೊಂಡೆ. ಅವಳು ಬೆಳೆಯುತ್ತಿಲ್ಲವೆಂದು ನನ್ನ ಪಾಲನ್ನು ಅವಳ ತಟ್ಟೆಗೆ ಹಾಕುತ್ತಿದ್ದೆ. ನನಗೆ ಆಗುವುದಿಲ್ಲ ಎಂದು ಗೊತ್ತಿದ್ದದ್ದನ್ನೇ ಎತ್ತಿ ಎತ್ತಿ ಮಗಳಿಗೆ ಬಡಿಸಿದ್ದೇನೆ. ತಾನು ತಿನ್ನಲಾರದ್ದನ್ನು ಮಗಳಿಗೆ ಹಾಕುವಾಗ ಒಂದು ದಿನವೂ ಕೈ ತಡೆಯಲಿಲ್ಲವಲ್ಲ ನನಗೆ.

ನೀನು ಗೆರೆ ಎಳೆದು ಬರೆದಿದ್ದರೂ ನಾನು ತಡೆಯಲಾರದೆ ನಾಲ್ಕು ದಿನ ಬ್ರೆಡ್ ಕೊಡಲಿಲ್ಲ. ನಿನ್ನ ಅತ್ತಿಗೆ ಕಾಗದವನ್ನು ನನ್ನ ಮುಖದ ಮುಂದೆ ಹಿಡಿದಳು. ಮತ್ತೆ ಶುರುಮಾಡಿ, ಎರಡು ವಾರದ ಮೇಲೆ ರಕ್ತ ಕೊಟ್ಟೆವು. ನೀನು ಬರೆದ ಆ ಜಗಳದ ಗುರುತು ಅವಳ ರಕ್ತದಲ್ಲಿ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಬಂದಿದೆ. ದೊಡ್ಡಾಸ್ಪತ್ರೆಯ ಹೊಟ್ಟೆ ಡಾಕ್ಟರು ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಬೇಕು ಎಂದರು. ದಿನಾಂಕ ಸಿಕ್ಕಿರುವುದು ಜೂನ್ ಹದಿನಾರಕ್ಕೆ. "ಅಲ್ಲೀವರೆಗೆ ದಿನಾ ಎರಡು ತುಂಡು ಬ್ರೆಡ್ ತಿನ್ನಿಸ್ತಾ ಇರಿ, ತಪ್ಪಿಸ್ಬೇಡಿ" ಎಂದರು.

ಆರು ವಾರ. ಅವಳಿಗೆ ಅದು ಏನು ಮಾಡುತ್ತದೆಂದು ಗೊತ್ತಿದ್ದೂ ನನ್ನ ಕೈಯಾರೆ ಮಾಡಿ, ಕತ್ತರಿಸಿ, ತಟ್ಟೆಗೆ ಹಾಕಬೇಕು. ಹೇಗೆ ಹಾಕಲಿ ಹೇಳು.

ಅಣ್ಣ

ಮೇ ೧೦

ನನ್ನ ಅಣ್ಣ,

ಅಳುವುದೆಲ್ಲ ಅತ್ತು ಮುಗಿಸಿ ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಹಾಕಿದ್ದಕ್ಕೆ ನಿನ್ನನ್ನು ಯಾರೂ ದೂರುವುದಿಲ್ಲ, ನಾನು ದೂರಲು ಬಿಡುವುದೂ ಇಲ್ಲ. ಮಗು ಸೊರಗಿದರೆ ಮನೆಯಲ್ಲಿ ಇರುವುದರಲ್ಲೇ ಒಳ್ಳೆಯದನ್ನು ತಂದು ತಿನ್ನಿಸುತ್ತೇವೆ. ನಿನ್ನ ಮನೆಯಲ್ಲಿ ಇದ್ದದ್ದರಲ್ಲಿ ಒಳ್ಳೆಯದು ಬ್ರೆಡ್ಡು. ಹೇಳದೆ ಮುಚ್ಚಿಟ್ಟದ್ದಕ್ಕೆ ಬೈಗುಳ ಬಾಕಿ ಇದೆ, ಅದನ್ನು ಎದುರು ಸಿಕ್ಕಾಗ ಕೊಡುತ್ತೇನೆ. ಹಣೆಯ ಹೊಲಿಗೆ ಮುಚ್ಚಿಟ್ಟ ನಾನೂ ಆಗ ಸ್ವಲ್ಪ ಕಡಿಮೆ ಬೈಯುತ್ತೇನೆ.

ಒಂಬತ್ತು ವರ್ಷ ತಿಂದವಳಿಗೆ ಇನ್ನು ಆರು ವಾರ ಹೆಚ್ಚಲ್ಲ ಎಂದು ನನ್ನ ಡಾಕ್ಟರಮ್ಮನೂ ಹೇಳಿದರು. ಖಚಿತವಾಗದೆ ಬಿಡಿಸಿದರೆ ಜೀವನಪೂರ್ತಿ ಅನುಮಾನ ಉಳಿಯುತ್ತದೆ. ಹದಿನಾರನೇ ವಯಸ್ಸಿಗೆ ಸ್ನೇಹಿತೆಯರು ಕೇಕ್ ಮುಂದೆ ಹಿಡಿದಾಗ ಅವಳಿಗೆ ಗಟ್ಟಿ ಕಾರಣ ಕೈಯಲ್ಲಿರಬೇಕು. ಕರುಳು ಎಳೆಯ ಪ್ರಾಯದಲ್ಲಿ ಬೇಗ ಚಿಗುರುತ್ತದಂತೆ. ಅವಳದ್ದು ನನ್ನದಕ್ಕಿಂತ ಎಷ್ಟೋ ಬೇಗ ಸರಿಹೋಗುತ್ತದೆ.

ನೀನು ನೋಡಬೇಡ. ಬೆಳಗಿನ ತಟ್ಟೆ ಅತ್ತಿಗೆ ಕೊಡಲಿ. ನೀನು ಆ ಹೊತ್ತಿಗೆ ಕೆಳಗೆ ಒಲೆಯ ಹತ್ತಿರ ಇರು. ನಿನಗೆ ಮತ್ತೆ ಪರೀಕ್ಷೆಯೂ ಬೇಕಿಲ್ಲ, ಗೋಧಿ ಬಿಟ್ಟು ಚೆನ್ನಾಗಿದ್ದೀ, ಹಾಗೇ ಇರು. ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುವ ಚಾಳಿ ನಿನಗೆ ಚಿಕ್ಕಂದಿನಿಂದ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಕಡ್ಡಿ

ಮೇ ೨೮

ಕಡ್ಡಿ,

ನಿನ್ನ ಮಾತು ಕೇಳಿದೆ. ಮೂರು ದಿನ ಒಲೆಯ ಹತ್ತಿರವೇ ಇದ್ದೆ. ನಾಲ್ಕನೇ ದಿನ ಮೇಲೆ ಹೋದೆ.

ಗುಬ್ಬಿ ಮೇಜಿನ ಮುಂದೆ ಒಬ್ಬಳೇ ಕೂತಿದ್ದಳು. ನಿನ್ನ ಅತ್ತಿಗೆ ಅವಳಿಗೆ ವಿಷಯವೆಲ್ಲ ಬಿಡಿಸಿ ಹೇಳಿದ್ದಾಳೆ, ಮುಚ್ಚಿಡುವುದು ಈ ಮನೆಯಲ್ಲಿ ಸಾಕು ಎಂದು. ಎರಡು ತುಂಡನ್ನೂ ಎಂಟೆಂಟು ಚೂರು ಮಾಡಿ ಸಾಲಾಗಿ ಜೋಡಿಸಿಕೊಂಡು ಒಂದೊಂದೇ ತಿನ್ನುತ್ತಿದ್ದಳು, ಮಾತ್ರೆ ನುಂಗುವವರ ಹಾಗೆ. ನಾನು ಎದುರಿಗೆ ಕೂತು ನನಗೂ ಎರಡು ತುಂಡು ಕತ್ತರಿಸಿಕೊಂಡೆ. ಅಡುಗೆಮನೆಯಿಂದ ಬಂದ ನಿನ್ನ ಅತ್ತಿಗೆ "ನಿಮಗ್ಯಾಕೆ ಈ ಹಠ" ಎಂದಳು. "ನಂದೂ ಖಚಿತ ಆಗ್ಬೇಕಲ್ಲ, ಡಾಕ್ಟರು ಒಟ್ಟಿಗೇ ನೋಡ್ತೀನಿ ಅಂದಿದಾರೆ" ಎಂದೆ. ಅದೂ ನಿಜವೇ, ಫೋನ್ ಮಾಡಿ ಕೇಳಿದ್ದೆ. ಆದರೆ ಅವಳನ್ನು ಆ ಮೇಜಿನ ಮುಂದೆ ಒಬ್ಬಳನ್ನೇ ಬಿಡಲು ನನ್ನಿಂದಾಗಲಿಲ್ಲ. ಕಾರಣ ಅದೇ.

ಹನ್ನೊಂದು ವರ್ಷದ ಮೇಲೆ ನನ್ನ ಬ್ರೆಡ್ಡನ್ನು ನಾನು ನುಂಗಿದೆ. ಹೇಳಲು ನಾಚಿಕೆ, ಬಹಳ ಚೆನ್ನಾಗಿದೆ. ಅಪ್ಪನದಕ್ಕಿಂತ ಉಪ್ಪು ಒಂದು ಚೂರು ಕಡಿಮೆ, ಮೇಲಿನ ಪದರ ಗರಿಗರಿ. ಬರೀ ಅಗಿದು ಉಗುಳಿದರೆ ಅರ್ಧ ರುಚಿಯೇ ಗೊತ್ತಾಗುವುದಿಲ್ಲ. ಮೂಲೆ ತಿನ್ನುವಾಗ ನಿನ್ನ ಜಡೆ ನೆನಪಾಯಿತು.

ಒಂದು ಗಂಟೆಯಲ್ಲಿ ಹೊಟ್ಟೆ ತನ್ನ ಕಥೆ ಶುರುಮಾಡಿತು. ಈಗ ದಿನಾ ಮಧ್ಯಾಹ್ನ ನಾವಿಬ್ಬರೂ ಮಾಳಿಗೆಯ ನೆಲದ ಮೇಲೆ ಅಕ್ಕಪಕ್ಕ ಮಲಗುತ್ತೇವೆ. ಬಿಸಿನೀರಿನ ಚೀಲ ಒಂದೇ ಇದೆ, ಐದೈದು ನಿಮಿಷ ಪಾಳಿ. ಮೊದಲ ದಿನ ಅವಳು ನನ್ನನ್ನೇ ನೋಡಿ, "ಅಪ್ಪ, ನಿಮಗೂ ಇಲ್ಲೇ ನೋಯುತ್ತಾ?" ಎಂದು ಹೊಕ್ಕಳಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಲ್ಲೇ ಎಂದೆ. ಅವಳ ಮುಖದಲ್ಲಿ ಎಂಥಾ ಸಂತೋಷ ಅಂತೀ. ಜೊತೆ ಸಿಕ್ಕಿತು ಎಂಬ ಸಂತೋಷ. ಯಾರ ಹೊಟ್ಟೆ ಜೋರಾಗಿ ಗುಡುಗುತ್ತದೆ ಎಂದು ಪಂದ್ಯ ಕಟ್ಟುತ್ತಾಳೆ. ಇದುವರೆಗೆ ನಾನೇ ಸೋತಿರುವುದು, ಅವಳದು ಅಷ್ಟು ಸಣ್ಣ ಮೈಗೆ ಮಹಾ ದೊಡ್ಡ ಗುಡುಗು.

ತೂಕ ಇಳಿದಿದೆ, ಹಿಟ್ಟಿನ ಮೂಟೆ ಎತ್ತುವಾಗ ಮೊಣಕಾಲು ನಡುಗುತ್ತದೆ. ಬೈಯಬೇಡ. ಇನ್ನು ಹತ್ತೊಂಬತ್ತು ದಿನ.

ಅಣ್ಣ

ಜೂನ್ ೭

ಅಣ್ಣ,

ಬೈಯುವುದಿಲ್ಲ. ಬೈಯಲು ಕೂತು ಪೆನ್ನು ಹಿಡಿದೆ, ಆಗಲಿಲ್ಲ. ನೀವಿಬ್ಬರೂ ನೆಲದ ಮೇಲೆ ಮಲಗಿರುವುದನ್ನು ನೆನೆದು ಮಧ್ಯಾಹ್ನವಾದರೆ ನನ್ನ ಕೈ ನನ್ನ ಹೊಟ್ಟೆಯ ಮೇಲೆ ಹೋಗುತ್ತದೆ.

ಹದಿನಾರನೇ ತಾರೀಕು ನಾನು ಬರಬೇಕೆಂದಿದ್ದೆ. ಇಲ್ಲಿ ನೀರು ನುಗ್ಗಿ ಒಂದು ಕಪಾಟು ಪುಸ್ತಕ ಒದ್ದೆಯಾಗಿವೆ, ಹಾಳೆ ಹಾಳೆ ಬಿಡಿಸಿ ಒಣಗಿಸುತ್ತಿದ್ದೇನೆ, ಬಿಟ್ಟು ಬಂದರೆ ಬೂಷ್ಟು ಹಿಡಿಯುತ್ತದೆ. ಕೊಳವೆ ಎಂದರೆ ಗುಬ್ಬಿ ಹೆದರಿಯಾಳು. ನಿದ್ದೆ ಬರಿಸುತ್ತಾರೆ, ಎದ್ದಾಗ ಗಂಟಲು ಸ್ವಲ್ಪ ಕೆರೆಯುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದು ಅನುಭವಸ್ಥೆ ಅತ್ತೆ ಹೇಳಿದ್ದಾಳೆಂದು ಹೇಳು. ಆಮೇಲೆ ಐಸ್ ಕೇಳು ಎಂದೂ ಹೇಳು, ಕೇಳಿದರೆ ಕೊಡುತ್ತಾರೆ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಬಿಡು, ಮೊದಲು ಪರೀಕ್ಷೆ ಮುಗಿಯಲಿ.

ಅತ್ತಿಗೆಗೆ ನನ್ನ ಲೆಕ್ಕದಲ್ಲಿ ಒಂದು ಅಪ್ಪುಗೆ ಕೊಡು. ಈ ಮನೆಯಲ್ಲಿ ಬುದ್ಧಿ ಇರುವವಳು ಅವಳೊಬ್ಬಳೇ, ಅವಳು ಹೊರಗಿನಿಂದ ಬಂದವಳು.

ಕಡ್ಡಿ

ಜುಲೈ ೧೪

ಕಡ್ಡಿ,

ಫಲಿತಾಂಶವನ್ನು ಫೋನಿನಲ್ಲಿ ಹೇಳಿದ್ದೆ, ನಿನ್ನ ಅತ್ತಿಗೆ ಯಂತ್ರ ನಿಲ್ಲಿಸಿಯೇ ನನ್ನ ಕೈಗೆ ಫೋನ್ ಕೊಟ್ಟಳು. ಇಬ್ಬರಿಗೂ ಇದೆ. ನನ್ನದು ಸವೆದಿದೆ, ಗುಬ್ಬಿಯದು ಇನ್ನೂ ಹೆಚ್ಚು ಸವೆದಿದೆ. ಫೋನಿನಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಆ ಇನ್ನೊಂದು ವಿಷಯ ಏನೆಂದು ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ. ಹಿಟ್ಟಿನ ಮನೆಯ ಮೇಲೆಯೇ ಗುಬ್ಬಿ ಹೇಗೆ ಇರುತ್ತಾಳೆ ಎಂದು ತಾನೇ? ಬೇಕರಿ ಮುಚ್ಚು ಎನ್ನಲು ನಿನಗೆ ಬಾಯಿ ಬರಲಿಲ್ಲ. ಮುಚ್ಚುತ್ತಿಲ್ಲ. ಎರಡು ಬೀದಿ ಆಚೆ ಚಿಕ್ಕ ಮನೆ ಹಿಡಿದಿದ್ದೇವೆ. ಎರಡು ಕೋಣೆ, ಮುಂದೆ ಹೊಲಿಗೆಯವಳ ಅಂಗಡಿ, ಕಿಟಕಿ ತೆಗೆದರೆ ಅವಳ ಯಂತ್ರದ ಸದ್ದು. ಆ ಮನೆಯೊಳಗೆ ಒಂದು ಚಿಟಿಕೆ ಗೋಧಿಹಿಟ್ಟು ಹೋಗಿಲ್ಲ. ಪಾತ್ರೆ, ಚಾಕು, ಹಲಗೆ ಎಲ್ಲ ಹೊಸದು. ನಾನು ಬೇಕರಿಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಆಮೇಲೆ ಮನೆಗೆ ಬರುತ್ತೇನೆ. ಮೂಗಿಗೆ ಈಗ ಬಟ್ಟೆಯಲ್ಲ, ಸರಿಯಾದ ಮಾಸ್ಕು. ರುಚಿ ನೋಡುವ ಕೆಲಸ ನಿನ್ನ ಅತ್ತಿಗೆಗೆ ಹೋಗಿದೆ. ಅವಳು ಉಗುಳುವುದಿಲ್ಲ, ಎರಡನೇ ತುಂಡೂ ತೆಗೆದುಕೊಳ್ಳುತ್ತಾಳೆ.

ಕೌಂಟರಿನಲ್ಲಿ ನಿಂತು ಗಿರಾಕಿಗಳಿಗೆ ನಾನೇ ಹೇಳಿದೆ. ನನಗೆ ಗೋಧಿ ಆಗುವುದಿಲ್ಲ, ಹನ್ನೊಂದು ವರ್ಷದಿಂದ ತಿಂದಿಲ್ಲ ಎಂದು. ಬೀದಿಯ ಡಾಕ್ಟರು ತಲೆ ತಗ್ಗಿಸಿ "ಅವತ್ತು ಪೂರ್ತಿ ಕೇಳ್ಬೇಕಿತ್ತು ನಾನು" ಎಂದರು. ಸಾಲಿನಲ್ಲಿದ್ದ ಅಂಚೆಯವಳು ಮಾತ್ರ, "ತಿನ್ನದೇ ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಇನ್ನು ತಿಂದಿದ್ರೆ ನಮಗೆಲ್ಲಿ ಉಳೀತಿತ್ತು" ಎಂದು ತನ್ನ ಪೊಟ್ಟಣ ತೆಗೆದುಕೊಂಡು ಹೋದಳು. ಹನ್ನೊಂದು ವರ್ಷ ನಾನು ಹೆದರಿದ್ದು ಇಷ್ಟಕ್ಕೆ.

ಈಗ ಇವತ್ತಿನದು ಹೇಳುತ್ತೇನೆ. ಅದಕ್ಕೇ ಊಟದ ಮೇಜಿನಿಂದಲೇ ಬರೆಯಲು ಕೂತೆ.

ಗೋಧಿ ಬಿಟ್ಟು ನಾಲ್ಕು ವಾರವಾಯಿತು. ಮಧ್ಯಾಹ್ನ ಅನ್ನ, ಮೊಟ್ಟೆ, ಬೇಯಿಸಿದ ಬೀನ್ಸು. ಗುಬ್ಬಿಯ ತಟ್ಟೆ ಖಾಲಿಯಾಯಿತು. ನಾವು ಎದ್ದೆವು, ಅವಳು ಏಳಲಿಲ್ಲ. ಕೈ ಒಣಗಿಸಿಕೊಂಡು ಸುಮ್ಮನೆ ಕೂತಿದ್ದಳು. "ಏಳಮ್ಮ, ಆಯ್ತಲ್ಲ" ಎಂದಳು ನಿನ್ನ ಅತ್ತಿಗೆ.

"ಇರಿ, ಇನ್ನೂ ನೋವು ಬಂದಿಲ್ಲ" ಎಂದಳು.

ಯಾವ ನೋವು ಎಂದು ಕೇಳಿದೆ. ಊಟ ಆದ ಮೇಲೆ ಬರುವ ನೋವು ಎಂದಳು, ನಾನು ಏನೋ ಪೆದ್ದನ ಹಾಗೆ ಕೇಳಿದೆ ಎಂಬಂತೆ. ಹೊಟ್ಟೆ ತುಂಬುವುದು ಎಂದರೆ ಅದೇ ಎಂದುಕೊಂಡಿದ್ದಾಳೆ, ಕಡ್ಡಿ. ಎಲ್ಲರಿಗೂ ಹಾಗೇ ಆಗುತ್ತದೆ, ನೋವು ಬಂದಾಗ ಊಟ ಸಾಕು ಎಂದು ಲೆಕ್ಕ, ಆಗ ತಟ್ಟೆ ಬಿಟ್ಟು ಏಳುವುದು. ಒಂಬತ್ತು ವರ್ಷ ಅವಳು ಹಾಗೇ ಎದ್ದಿದ್ದಾಳೆ. ನಾಲ್ಕು ವಾರದಿಂದ ನೋವು ಕಡಿಮೆಯಾಗುತ್ತಾ ಬಂದಿತ್ತಂತೆ, ಇವತ್ತು ಬರಲೇ ಇಲ್ಲವಂತೆ.

"ಹಾಗಾದ್ರೆ ಅಪ್ಪ, ಸಾಕು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

ನಲವತ್ತಮೂರು ವರ್ಷದವನು, ಊರಿಗೆಲ್ಲ ತಿನ್ನಿಸುವವನು, ನಿನ್ನ ಅತ್ತಿಗೆಯ ಮುಖ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕು ಅನ್ನಿಸಿದಾಗ ಸಾಕು. ಅನ್ನಿಸೋವರೆಗೂ ತಿನ್ನು" ಎಂದಳು. ಗುಬ್ಬಿ ಸ್ವಲ್ಪ ಯೋಚಿಸಿ ತಟ್ಟೆ ಮುಂದೆ ಹಿಡಿದಳು. ನಾನೇ ಬಡಿಸಿದೆ.

ಅವಳು ಇನ್ನೂ ತಿನ್ನುತ್ತಿದ್ದಾಳೆ. ನಾನು ಇಷ್ಟು ಬರೆದು ಮುಗಿಸಿದರೂ ಸಾಕು ಎಂದಿಲ್ಲ.

ಅಣ್ಣ